ಬೀಗ ಹಾಕಿದವರೇ ಬರಬೇಕು

ಕಳೆದ ಮೂರು ವರ್ಷಗಳಲ್ಲಿ ನಮ್ಮ ಊರಿನಲ್ಲಿ ಹನ್ನೊಂದು ಹೊಸ ಪ್ರೇಕ್ಷಣೀಯ ಸ್ಥಳಗಳು ಹುಟ್ಟಿಕೊಂಡಿವೆ. ಹನ್ನೊಂದೂ ನನಗೆ ಬಾಯಿಪಾಠ. ತೆರೆದ ಮಹಡಿಯ ಪ್ರವಾಸಿ ಬಸ್ಸಿನಲ್ಲಿ ಮೈಕು ಹಿಡಿದು ಅವುಗಳ ಗುಣಗಾನ ಮಾಡುವುದೇ ನನ್ನ ಹೊಟ್ಟೆಪಾಡು. ತಲೆಕೆಳಗಾದ ಮನೆ ಅಂತ ಒಂದಿದೆ. ಮಂಚ, ಕುರ್ಚಿ, ಕಮೋಡು ಎಲ್ಲವನ್ನೂ ಚಾವಣಿಗೆ ಅಂಟಿಸಿಟ್ಟಿದ್ದಾರೆ. ಜನ ಬಿಸಿಲಲ್ಲಿ ಸಾಲು ನಿಂತು, ಒಳಗೆ ಹೋಗಿ, ಆ ಕಮೋಡಿನ ಕೆಳಗೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಧನ್ಯರಾಗಿ ಬರುತ್ತಾರೆ. ಹಿಮದ ಅರಮನೆ ಇನ್ನೊಂದು. ಹೊರಗೆ ತಲೆ ಸುಡುವ ಬಿಸಿಲು, ಒಳಗೆ ಯಾರ್ಯಾರದೋ ಬೆವರು ಕುಡಿದ ಬಾಡಿಗೆ ಸ್ವೆಟರು. ಐವತ್ತನೇ ಮಹಡಿಯಲ್ಲಿ ಗಾಜಿನ ನೆಲ ಹಾಸಿದ್ದಾರೆ. ಅಲ್ಲಿ ದಪ್ಪ ಮೀಸೆಯ ಗಂಡಸರು ಮೊಣಕಾಲೂರಿ ಅತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೆದರಿಕೊಳ್ಳುವುದಕ್ಕೂ ಟಿಕೆಟ್ಟು ತೆಗೆದುಕೊಳ್ಳುವ ಪ್ರಾಣಿ ಮನುಷ್ಯ ಒಬ್ಬನೇ ಇರಬೇಕು.

ಇವುಗಳಲ್ಲೆಲ್ಲ ನನಗೆ ಮೈ ಉರಿಯುವುದು ಪ್ರೀತಿ ಸೇತುವೆಯನ್ನು ಕಂಡರೆ. ಅದು ಇರುವುದು ಇಡೀ ಊರಿನ ಕೊಳಚೆ ಹರಿಯುವ ಕಾಲುವೆಯ ಮೇಲೆ. ಕಾಲುವೆಗೆ ನೀಲಿ ಬಣ್ಣ ಸುರಿದರು, ದಡಕ್ಕೆ ಪ್ಲಾಸ್ಟಿಕ್ ಹೂ ನೆಟ್ಟರು, ಟೊಳ್ಳು ಕೊಳವೆಗಳಿಗೆ ಚಿನ್ನದ ಬಣ್ಣ ಬಳಿದು ಕಂಬಿ ಅಂತ ನಿಲ್ಲಿಸಿದರು. ಜೋಡಿಗಳು ಬಂದು ಆ ಕಂಬಿಗೆ ಬೀಗ ಜಡಿದು ಕೀಲಿಕೈಯನ್ನು ನೀರಿಗೆ ಎಸೆಯಬೇಕು. ಆಮೇಲೆ ಅವರ ಪ್ರೀತಿ ಶಾಶ್ವತವಂತೆ! ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೀಲಿಕೈ ಎಸೆಯುವ ಜೋಡಿಗಳನ್ನು ದಿನಾ ನೋಡುತ್ತೇನೆ. ಅದು ನೀರಿಗೂ ಬೀಳುವುದಿಲ್ಲ. ಕೆಳಗೆ ಬಲೆ ಕಟ್ಟಿದ್ದಾರೆ, ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಈ ಸೊಬಗಿಗೆ ನಾನು ಮೈಕಿನಲ್ಲಿ ‘ಪ್ರೀತಿಗೆ ಸಾವಿಲ್ಲ’ ಅಂತ ದಿನಕ್ಕೆ ಆರು ಸಲ ಹೇಳಬೇಕು.

ಆ ಸೇತುವೆಯ ತುದಿಯಲ್ಲಿ ಬೀಗ ಮಾರಲು ಕೂತಿದ್ದವನು ನನ್ನ ಒಡಹುಟ್ಟಿದ ಅಣ್ಣ.

ಅಣ್ಣ ನಲವತ್ತು ವರ್ಷ ಬೀಗ ರಿಪೇರಿ ಮಾಡಿಕೊಂಡು ಬಂದವನು. ಅಂಗಡಿ ಹಳೆಯ ಗಲ್ಲಿಯೊಂದರಲ್ಲಿ, ಯಾರದೋ ಮನೆಯ ಮೆಟ್ಟಿಲ ಕೆಳಗಿತ್ತು. ಎದ್ದು ನಿಂತರೆ ತಲೆಗೆ ಹೊಡೆಯುತ್ತಿತ್ತು, ಆದ್ದರಿಂದ ಅವನು ನಿಲ್ಲುವುದನ್ನೇ ಬಿಟ್ಟಿದ್ದ. ಸೇತುವೆ ನೋಡಲು ಬರುವ ಬಸ್ಸುಗಳಿಗೆ ಜಾಗ ಬೇಕು ಅಂತ ಗಲ್ಲಿಗೆ ಗಲ್ಲಿಯನ್ನೇ ಎತ್ತಿಬಿಟ್ಟರು. ಈಗ ನನ್ನ ಬಸ್ಸಿನ ಹಿಂದಿನ ಚಕ್ರ ನಿಲ್ಲುವುದು ಹೆಚ್ಚುಕಡಿಮೆ ಅಣ್ಣನ ಅಂಗಡಿ ಇದ್ದ ಜಾಗದಲ್ಲೇ. ಅರವತ್ತಮೂರು ತುಂಬಿದವನಿಗೆ ಇನ್ನು ಯಾರು ಜಾಗ ಕೊಡುತ್ತಾರೆ? ನಾನೇ ಸೇತುವೆಯ ಮ್ಯಾನೇಜರನ ಕೈಕಾಲು ಹಿಡಿದು ಅಲ್ಲೊಂದು ಗೂಡಂಗಡಿ ಕೊಡಿಸಿದೆ. ಅದು ಹೋದರೆ ಅವನಿಗೆ ಊರಿನಲ್ಲಿ ಕುಕ್ಕರಿಸಲು ಇನ್ನೊಂದು ಮೂಲೆ ಇರಲಿಲ್ಲ.

ಈ ಮ್ಯಾನೇಜರು ಸದಾ ನಗುತ್ತಲೇ ಇರುವ ಆಸಾಮಿ. ಬೈಯುವಾಗಲೂ ನಗುತ್ತಾನೆ, ಕೆಲಸದಿಂದ ಕಿತ್ತುಹಾಕುವಾಗಲೂ ನಗುತ್ತಾನೆ. ಬಸ್ಸಿನವರು ನಾವೆಲ್ಲ ಸೇರಿ ಅವನಿಗೆ ಹಲ್ಲುಪುಡಿ ಅಂತ ಹೆಸರಿಟ್ಟಿದ್ದೆವು. ಹಲ್ಲುಪುಡಿ ಮೊದಲ ದಿನವೇ ಅಣ್ಣನಿಗೆ ತೊಗಲಿನದೊಂದು ಏಪ್ರನ್ನು, ಅಂಟಿಸಿಕೊಳ್ಳುವ ಬಿಳಿ ಮೀಸೆ ತಂದುಕೊಟ್ಟ. ಹಳೇ ಕಾಲದ ಬೀಗದವನ ಹಾಗೆ ಕಾಣಬೇಕಂತೆ.

“ನಾನು ಹಳೇ ಕಾಲದ ಬೀಗದವನೇ ಅಲ್ವಾ ಸಾರ್?” ಅಂದ ಅಣ್ಣ. ಮೀಸೆಯನ್ನು ಮೊಳೆಗೆ ನೇತುಹಾಕಿದ. ಅದು ಅಲ್ಲೇ ಧೂಳು ಹಿಡಿಯಿತು.

ಅಲ್ಲೂ ಅವನು ತನ್ನ ಚಾಳಿ ಬಿಡಲಿಲ್ಲ. ಬೀಗ ಕೈಗೆ ಕೊಡುವ ಮೊದಲು ಎರಡೂ ಕೀಲಿಕೈಗಳನ್ನು ಹಾಕಿ ಮೂರು ಮೂರು ಸಲ ತೆಗೆದು ಮುಚ್ಚಿ ನೋಡುತ್ತಿದ್ದ. ತಳಕ್ಕೆ ನಂಬರು ಕೊರೆಯುತ್ತಿದ್ದ. ರಟ್ಟಿನ ಪುಸ್ತಕದಲ್ಲಿ ಆ ನಂಬರಿನ ಮುಂದೆ ಕೊಂಡವರ ಹೆಸರು, ಫೋನು ಬರೆಸಿಕೊಳ್ಳುತ್ತಿದ್ದ. ನಾಳೆ ಯಾರೋ ಬಂದು ಈ ಬೀಗಕ್ಕೆ ಕೀಲಿಕೈ ಮಾಡಿಕೊಡು ಅಂದರೆ, ಅವನು ಬೀಗದ ಒಡೆಯನೋ ಕಳ್ಳನೋ ಗೊತ್ತಾಗಬೇಕಲ್ಲ! ಜೋಡಿಗಳಿಗೆ ನಗು.

“ಎಸೆಯೋಕೆ ಒಂದು ಸಾಕಲ್ವಾ ಅಂಕಲ್?”

“ಒಂದನ್ನ ಎಸೀರಿ. ಇನ್ನೊಂದನ್ನ ಮನೇಲಿ ಇಟ್ಕೊಳ್ಳಿ.”

“ಥೂ, ಒಳ್ಳೇ ದಿನ ಎಂಥಾ ಮಾತು! ನೀವೇ ಇಟ್ಕೊಳ್ಳಿ ಅಂಕಲ್.”

ಎರಡನೆಯದನ್ನು ಮನೆಗೆ ಒಯ್ದವರು ಒಬ್ಬರೂ ಇಲ್ಲ. ಹಾಗೆ ಬಿಟ್ಟುಹೋದ ಕೀಲಿಕೈಗಳಿಗೆಲ್ಲ ಅಣ್ಣ ಚೀಟಿ ಕಟ್ಟಿ ಗೂಡಿನ ಹಿಂಬದಿಯ ಹಲಗೆಗೆ ಸಾಲಾಗಿ ನೇತುಹಾಕುತ್ತಿದ್ದ. ಎರಡು ವರ್ಷದಲ್ಲಿ ನಾಲ್ಕುನೂರ ಹನ್ನೊಂದಾದವು.

ಅವನ ಇನ್ನೊಂದು ಚಾಳಿಯ ಬಗ್ಗೆ ಹೇಳಬೇಕು. ಬೀಗ ಹಾಕಿದವರು ಎದುರಿಗೆ ಬಂದು ‘ತೆಗಿ’ ಅನ್ನದೆ ಅಣ್ಣ ಯಾರ ಬೀಗವನ್ನೂ ಮುಟ್ಟುವವನಲ್ಲ. ಪೊಲೀಸರು ಕರೆದರೂ ಇಲ್ಲ, ಮನೆ ಮಾಲೀಕರು ಕರೆದರೂ ಇಲ್ಲ. ‘ಬೀಗ ಹಾಕಿದವರೇ ಬರಬೇಕು’ ಅಷ್ಟೇ ಮಾತು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಗಂಡ ಜಗಳವಾಡಿ, ನಾನು ಜ್ವರ ಬಂದಿದ್ದ ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವಷ್ಟರಲ್ಲಿ ಮನೆಗೆ ಬೀಗ ಜಡಿದು ಅವರಮ್ಮನ ಮನೆಗೆ ಹೋಗಿ ಕೂತುಬಿಟ್ಟಿದ್ದ. ನನ್ನ ಬಟ್ಟೆಬರೆ, ಮಗಳ ಜ್ವರದ ಔಷಧಿ, ಎಲ್ಲ ಒಳಗೆ. ಅಣ್ಣನಿಗೆ ಹೇಳಿಕಳಿಸಿದೆ. ಪೆಟ್ಟಿಗೆ ಹಿಡಿದುಕೊಂಡು ಓಡಿಬಂದ. ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿದ. ಅವನಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ.

“ಯಾರು ಹಾಕಿದ್ದು?”

“ಇನ್ಯಾರು? ನನ್ನ ಗಂಡ!”

“ಹಂಗಾದ್ರೆ ಅವರೇ ಬರಬೇಕು ಕಣೇ.”

ಅತ್ತುಕೊಂಡು ಕೂಗಾಡಿದೆ, ನೀನು ಅಣ್ಣನಾ ಹಗೆಯಾ ಅಂದೆ. ಅಲ್ಲಾಡಲಿಲ್ಲ ಮೊಂಡ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದ, ಅಷ್ಟೇ. ಬೀದಿಯವರೆಲ್ಲ ನೋಡಿಕೊಂಡು ಹೋದರು. ನಾಲ್ಕು ವರ್ಷ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಮಾತಾಡಿದೆ, ಆದರೆ ಬಾಯಲ್ಲಿ ಅಣ್ಣ ಅಂದರೂ ಮನಸ್ಸಲ್ಲಿ ಕೊರಡು ಅಂತಲೇ ಕರೆಯುತ್ತಿದ್ದೆ.

ಇರಲಿ. ಹೋದ ತಿಂಗಳು ಸೇತುವೆಯ ಕಂಬಿ ವಾಲಿತು. ಕಾಲು ಕೆಜಿ ತೂಗುವ ಬೀಗಗಳನ್ನು ಟೊಳ್ಳು ಕೊಳವೆಗೆ ಒಂದೇ ಕಡೆ ಒತ್ತೊತ್ತಾಗಿ ಜಡಿದರೆ ವಾಲದೆ ಇನ್ನೇನಾಗುತ್ತದೆ? ಅದೇ ಹೊತ್ತಿಗೆ ಶುಕ್ರವಾರ ದೊಡ್ಡ ಮಂದಿಯ ತಂಡವೊಂದು ಸೇತುವೆ ನೋಡಲು ಬರುವುದೆಂದು ಗೊತ್ತಾಯಿತು. ಅಷ್ಟರೊಳಗೆ ಬೀಗಗಳನ್ನೆಲ್ಲ ತೆಗೆಸಬೇಕು, ಆದರೆ ಯಂತ್ರ ಹಾಕಿ ಕೊಯ್ದರೆ ಕಂಬಿಯ ಚಿನ್ನದ ಬಣ್ಣ ಎದ್ದುಹೋಗುತ್ತದೆ. ಹಲ್ಲುಪುಡಿ ಸೋಮವಾರ ಬೆಳಿಗ್ಗೆಯೇ ಗೂಡಿಗೆ ಬಂದ.

“ಯಜಮಾನ್ರೇ, ಕೀಲಿಕೈ ಎಲ್ಲಾ ನಿಮ್ಮತ್ರಾನೇ ಇದೆಯಂತಲ್ಲ! ಗುರುವಾರ ಸಂಜೆಯೊಳಗೆ ಎಲ್ಲಾ ಬಿಚ್ಚಿ ಮೂಟೆ ಕಟ್ಟಿಬಿಡಿ. ಯಾರಿಗೂ ಗೊತ್ತಾಗೋದು ಬೇಡ.”

“ಹಾಕಿದವರಿಗೆ ಹೇಳ್ಬೇಕಲ್ಲ ಸಾರ್.”

ಹಲ್ಲುಪುಡಿ ಅದನ್ನು ತಮಾಷೆ ಅಂದುಕೊಂಡು ಅಣ್ಣನ ಬೆನ್ನು ತಟ್ಟಿ ನಗುತ್ತಾ ಹೋದ. ತಮಾಷೆ ಮಾಡುವುದು ಅಣ್ಣನ ಜಾತಕದಲ್ಲೇ ಇಲ್ಲ ಅಂತ ಆ ಗೂಬೆಗೆ ಏನು ಗೊತ್ತು?

ಅಣ್ಣ ಪುಸ್ತಕ ಬಿಡಿಸಿ, ಒಂದನೇ ನಂಬರಿನಿಂದ ಹಿಡಿದು ಫೋನು ಮಾಡಲು ಕೂತ. ಮೂರು ದಿನ ಅದೇ ಕೆಲಸ. ಸಿಗದವರಿಗೆ ಸಿಗುವವರೆಗೂ ಮಾಡಿದ. “ನಿಮ್ಮ ಬೀಗ ತೆಗೀಬೇಕಂತ ಹೇಳ್ತಿದಾರೆ. ಗುರುವಾರ ಬಂದು ಎದುರಿಗೆ ನಿಂತ್ಕೊಳ್ತೀರಾ?” ಅರ್ಧಕ್ಕರ್ಧ ಜನ “ಯಾವ ಬೀಗ?” ಅಂದರು. ಶಾಶ್ವತ ಪ್ರೀತಿಯ ಆಯುಸ್ಸು ಅಷ್ಟು! ದೂರದವರು ಬರಲಾಗುವುದಿಲ್ಲ, ಏನಾದರೂ ಮಾಡಿಕೋ ಅಂದರೆ ಅಣ್ಣ ಬಿಡಲಿಲ್ಲ. “ಏನಾದ್ರೂ ಅಲ್ಲ, ತೆಗಿ ಅಂತ ಹೇಳಿ” ಅಂತ ಅವರ ಬಾಯಿಂದಲೇ ಎರಡೆರಡು ಸಲ ಹೇಳಿಸಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡ.

ಗುರುವಾರ ನನ್ನ ಮೊದಲ ಸುತ್ತಿಗೆ ಬಸ್ಸು ಸೇತುವೆಯ ಹತ್ತಿರ ಬಂದಾಗ ನೂರಾರು ಜನ ಸಾಲು ನಿಂತಿದ್ದರು. ನನ್ನ ಬಸ್ಸಿನವರು ಇದೇ ನೋಡುವ ಸ್ಥಳ ಅಂದುಕೊಂಡು ಇಳಿದು ಅವರ ಫೋಟೋ ತೆಗೆದರು. ಏನು ಜನ ಅಂತೀರಿ! ಒಬ್ಬಳು “ಬೇಗ ತೆಗೀರಿ, ಗಂಡ ಕಾರು ನಿಲ್ಸೋಕೆ ಹೋಗಿದಾರೆ” ಅಂತ ಪಿಸುಗುಟ್ಟಿದಳು; ಬೀಗದ ಮೇಲಿದ್ದ ಹೆಸರು ಆ ಗಂಡನದಲ್ಲ. ಒಬ್ಬ ಪುಣ್ಯಾತ್ಮನ ಮೂರು ಬೀಗಗಳಿದ್ದವು, ಮೂರರ ಮೇಲೂ ಅವನ ಹೆಸರು ಒಂದೇ, ಪಕ್ಕದ ಹೆಸರು ಮೂರು. ಬೇರೆಯಾದ ಜೋಡಿಯೊಂದು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಅಕ್ಕಪಕ್ಕದಲ್ಲೇ ನಿಂತು, ಅಣ್ಣ ತೆಗೆದುಕೊಟ್ಟ ಬೀಗ ತನಗೆ ಬೇಕು ತನಗೆ ಬೇಕು ಅಂತ ಕಿತ್ತಾಡಿದರು. ಗಟ್ಟಿ ಬೀಗವಂತೆ, ಗೋದಾಮಿಗೆ ಆಗುತ್ತದಂತೆ. ನಾನು ಮೈಕಿನಲ್ಲಿ ‘ಪ್ರೀತಿಗೆ ಸಾವಿಲ್ಲ’ ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಯಾರೋ ಅದರ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ್ದರು. ಹಲ್ಲುಪುಡಿಯ ನಗು ಕಿವಿಯವರೆಗೆ ಹೋಗಿತ್ತು, ಅಂದರೆ ಕೋಪ ನೆತ್ತಿಗೇರಿತ್ತು. ಆದರೂ ಕಂಬಿ ಖಾಲಿಯಾಗುತ್ತಿದೆಯಲ್ಲ ಅಂತ ಹಲ್ಲು ಕಚ್ಚಿಕೊಂಡು ನಿಂತಿದ್ದ.

ನನ್ನ ಐದನೇ ಸುತ್ತಿನಲ್ಲಿ ಕಂಬಿಯ ಮೇಲೆ ಒಂದೇ ಒಂದು ಬೀಗ ಉಳಿದಿತ್ತು. ಅದರ ಮುಂದೆ ಒಬ್ಬ ಅಜ್ಜಿ. ಊರುಗೋಲು ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದರಂತೆ. ಈ ವಯಸ್ಸಿನಲ್ಲಿ ಇವರಿಗೂ ಈ ಹುಚ್ಚೇ ಅಂತ ನಾನು ಮೂಗು ಮುರಿದೆ.

“ಇದು ನಮ್ಮೆಜಮಾನ್ರು ಹಾಕಿದ್ದು ಕಣಪ್ಪ. ಕೀಲಿಕೈ ಎಸೆಯೋ ರಭಸಕ್ಕೆ ಕನ್ನಡಕಾನೂ ಬೀಳಿಸ್ಕೊಂಡ್ಬಿಟ್ರು. ಛತ್ರಿ ಕೊಕ್ಕೇಲಿ ಬಲೆಯಿಂದ ಎತ್ತಿದ್ದು ನೀನೇ ಅಲ್ವಾ?”

“ಹೌದಮ್ಮ. ಅವರು ಬರ್ಲಿಲ್ವಾ?”

“ಚಳಿಗಾಲದಲ್ಲಿ ಹೋಗ್ಬಿಟ್ರು.”

ಅಣ್ಣ ಎಲ್ಲರನ್ನೂ ಕೇಳಿದ ಹಾಗೆಯೇ ಕೇಳಿದ.

“ತೆಗೀಲಾ ಅಮ್ಮ?”

ಅಜ್ಜಿ ಬೀಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. “ಬೇಡಪ್ಪ. ಇರ್ಲಿ ಬಿಡು.”

ಅಣ್ಣ ಪುಸ್ತಕದಲ್ಲಿ ‘ಇರಲಿ’ ಅಂತ ಬರೆದುಕೊಂಡ. ಅಜ್ಜಿಯನ್ನು ಕೈ ಹಿಡಿದು ಬಸ್ ನಿಲ್ದಾಣದವರೆಗೆ ಬಿಟ್ಟುಬಂದ.

ಆರನೇ ಸುತ್ತಿಗೆ ನಾನು ಬಂದಾಗ ಗೂಡಿನ ಮುಂದೆ ಹಲ್ಲುಪುಡಿ ನಿಂತಿದ್ದ.

“ಒಂದು ಬೀಗ, ಯಜಮಾನ್ರೇ! ನಾಲ್ಕುನೂರು ತೆಗೆದೋರಿಗೆ ಇನ್ನೊಂದು ಕಷ್ಟಾನಾ? ತೆಗೀರಿ. ಇಲ್ಲಾಂದ್ರೆ ನಾಳೆಯಿಂದ ಈ ಗೂಡಲ್ಲಿ ಬೇರೆಯವರು ಕೂರ್ತಾರೆ.” ಇದನ್ನೂ ನಗುತ್ತಲೇ ಹೇಳಿದ.

“ಆಯಮ್ಮ ಬೇಡ ಅಂದ್ರು ಸಾರ್.” ಅಣ್ಣ ಆಗಲೇ ಅರ, ಸುತ್ತಿಗೆ, ತಂತಿಗಳನ್ನು ಒರೆಸಿ ಪೆಟ್ಟಿಗೆಗೆ ಜೋಡಿಸುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ನಲವತ್ತು ಜನರನ್ನು ಬಸ್ಸಿನಲ್ಲೇ ಬಿಟ್ಟು ದಡದಡ ಇಳಿದುಬಂದೆ. ಅವನನ್ನು ಗೂಡಿನ ಹಿಂದಕ್ಕೆ ಎಳೆದುಕೊಂಡು ಹೋದೆ.

“ನಿಂಗೇನು ತಲೆ ಕೆಟ್ಟಿದೆಯಾ? ಆ ಅಜ್ಜಿ ಮನೆಗೆ ಹೋದ್ರು. ಇನ್ನು ಈ ಕಡೆ ತಲೆ ಹಾಕ್ತಾರೋ ಇಲ್ವೋ. ನೀನು ತೆಗೀದಿದ್ರೆ ಇವನು ಹೇಗೂ ಯಂತ್ರ ತಂದು ಕೊಯ್ತಾನೆ. ಬೀಗಾನೂ ಉಳಿಯಲ್ಲ, ನಿನ್ನ ಜಾಗಾನೂ ಉಳಿಯಲ್ಲ. ದಮ್ಮಯ್ಯ ಅಂತೀನಿ, ಕೀಲಿಕೈ ಒಂದು ಸಲ ತಿರುಗಿಸು, ಮುಗೀತು!”

ಅಣ್ಣ ಹಲಗೆಯಿಂದ ಕೊನೆಯ ಕೀಲಿಕೈಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಮುಖ ನೋಡಿದ.

“ನಿಂಗೇ ತೆಗೆದುಕೊಡ್ಲಿಲ್ಲ ಕಣೇ ನಾನು. ಇವನಿಗೆ ತೆಗೆದುಕೊಡ್ಲಾ?”

ಹತ್ತೊಂಬತ್ತು ವರ್ಷಗಳಲ್ಲಿ ಅವನು ಆ ದಿನದ ಮಾತೆತ್ತಿದ್ದು ಅದೇ ಮೊದಲು. ಮರೆತಿದ್ದಾನೆ ಅಂದುಕೊಂಡಿದ್ದೆ. ಅವನು ಪೆಟ್ಟಿಗೆಯನ್ನು ಎತ್ತಿಕೊಂಡು, ಧೂಳು ಹಿಡಿದ ಮೀಸೆಯನ್ನು ಹಲ್ಲುಪುಡಿಯ ಕೈಗೆ ಕೊಟ್ಟು, ಸೇತುವೆ ದಾಟಿ ಹೊರಟ.

ಡ್ರೈವರು ಒಂದೇ ಸಮನೆ ಹಾರನ್ನು ಒತ್ತುತ್ತಿದ್ದ. ಬಸ್ಸು ಹತ್ತಿದೆ. ಜನರೆಲ್ಲ ಏನೋ ಹೇಳುತ್ತಾಳೆ ಅಂತ ಕಾಯುತ್ತಿದ್ದರು. ಮೈಕು ಕೈಗೆತ್ತಿಕೊಂಡೆ.

“ಎಲ್ಲರೂ ಎಡಗಡೆ ನೋಡಿ,” ಅಂದೆ. “ಪೆಟ್ಟಿಗೆ ಹಿಡ್ಕೊಂಡು ಹೋಗ್ತಿದಾರಲ್ಲ, ಅವರು ನಮ್ಮಣ್ಣ.”

ನಲವತ್ತು ಜನರೂ ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಎಡಕ್ಕೆ ತಿರುಗಿ ಫೋನು ಎತ್ತಿದರು.