ನಿನ್ನ ಕೈ ಬಿರುಸೆಂದು ನಾನು ಹೇಳಿದ್ದು

ರೇಣುಕಾ, ಆ ಸ್ಪರ್ಧೆಯ ದಿನ ನಾವಿಬ್ಬರೂ ಹತ್ತುತ್ತಿದ್ದ ಕುದುರೆ ಮೋತಿಯ ಬಾಯಿಗೆ ಗಾಯ ಮಾಡಿದವಳು ನಾನು. ನಿನ್ನ ಸರದಿ ಬರುವ ಮೊದಲೇ ಮಾಡಿದ್ದೆ, ಬೇಕೆಂದೇ ಮಾಡಿದ್ದೆ. ಆಮೇಲೆ ಅದನ್ನು ನಿನ್ನ ತಲೆಗೆ ಕಟ್ಟಿ, ಇಷ್ಟು ವರ್ಷ ನಿನ್ನ ಗೆಳತಿ ಅನ್ನಿಸಿಕೊಂಡು ಓಡಾಡಿದೆ.

ಆ ಭಾನುವಾರಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ದಾವಣಗೆರೆಯ ಬಸ್ ಸ್ಟ್ಯಾಂಡಿಗೆ ನೀನು ನನಗಿಂತ ಮೊದಲೇ ಬಂದು ಕಿಟಕಿ ಪಕ್ಕದ ಸೀಟು ಹಿಡಿದಿರುತ್ತಿದ್ದೆ — ಹಿಡಿದು, ನನಗೇ ಬಿಟ್ಟುಕೊಡುತ್ತಿದ್ದೆ. ಕುದುರೆ ಸವಾರಿಯ ಹುಚ್ಚು ನನ್ನದು. ಹರಿಹರದ ಹೊಳೆದಂಡೆಯ ತೋಟದವರೆಗೆ ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲವೆಂದು, ಕುಕ್ಕುವಾಡದ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ನಿನ್ನನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿದ್ದೆ. ಕಲಿಸುವವರು ಸೈನ್ಯದ ಕುದುರೆ ದಳದಿಂದ ನಿವೃತ್ತರಾಗಿದ್ದ ದಫೇದಾರ್ ಸರ್. ಬೇಲಿಯಾಚೆ ಸುಮ್ಮನೆ ಕೂತಿದ್ದ ನಿನ್ನನ್ನು ನೋಡಿ ಅವರು ಒಂದು ದಿನ, "ಯಾಕಮ್ಮ, ಅಲ್ಲಿ ಕುಂತು ಏನ್ ಮಾಡ್ತಿ? ಬಾ, ಹತ್ತು" ಅಂದರು. ನೀನು ಹತ್ತಿದ್ದೇ ತಡ, ಮೋತಿ ತನ್ನ ಮನೆಯವರೇ ಬಂದರೇನೋ ಎಂಬಂತೆ ಕಿವಿ ಸಡಿಲ ಬಿಟ್ಟು ನಡೆಯಿತು. ನನ್ನ ಸರದಿ ಇನ್ನೂ ಮುಗಿದಿಲ್ಲವೆಂದು ನಾನು ಆವತ್ತೇ ನಿನ್ನನ್ನು ಬೇಗ ಇಳಿಸಿದೆ.

ಸರ್ ನಮಗೆ ಕಲಿಸುತ್ತಿದ್ದ ಡ್ರೆಸಾಜ್ ಎಂಬ ಸವಾರಿ ರೇಸೂ ಅಲ್ಲ, ಬೇಲಿ ಹಾರಿಸುವುದೂ ಅಲ್ಲ. ಮರಳು ಹಾಸಿದ ಅಂಗಳ, ಅಂಚಿಗೆ ಇಂಗ್ಲಿಷ್ ಅಕ್ಷರ ಬರೆದ ಹಲಗೆಗಳು. ಒಂದು ಅಕ್ಷರದಿಂದ ಇನ್ನೊಂದಕ್ಕೆ ನೆಟ್ಟಗೆ ನಡೆಯಬೇಕು, ಸಣ್ಣ ಓಟದಲ್ಲಿ ಒಂದು ಸುತ್ತು ಹಾಕಬೇಕು, ನಡುವೆ ಬಂದು ಅಲುಗಾಡದೆ ನಿಂತು ತೀರ್ಪುಗಾರರಿಗೆ ತಲೆಬಾಗಬೇಕು. ಹೊಸಬರಿಗೆ ಇಷ್ಟೇ. "ಇಷ್ಟೇನಾ ಸರ್?" ಎಂದು ನಾನು ನಕ್ಕಿದ್ದೆ. ಆ ಇಷ್ಟಕ್ಕೇ ನಾವು ಒಂದು ಚಳಿಗಾಲ ಪೂರ್ತಿ ಬೆವರಿದೆವು. ಲಗಾಮು ಬಿಗಿಯೂ ಆಗಬಾರದು, ಜೋಲಾಡಲೂಬಾರದು. ಕುದುರೆ ಗಾಬರಿಯಿಲ್ಲದೆ, ನಮ್ಮ ಕೈಯನ್ನು ನಂಬಿ ಮುಂದೆ ಹೋಗಬೇಕು. ಅದು ನಿನಗೆ ಬಂತು. ನನಗೆ ಬರಲಿಲ್ಲ. ವಾಪಸ್ ಬರುವಾಗ ಮಂಡಕ್ಕಿ ತಿನ್ನುತ್ತಾ, ನನ್ನ ದುಪಟ್ಟಾದ ಎರಡು ತುದಿ ಹಿಡಿದು ನೀನು ಬಸ್ಸಿನಲ್ಲೇ ಲಗಾಮಿನ ಪಾಠ ಹೇಳಿಕೊಡುತ್ತಿದ್ದೆ! ಕಂಡಕ್ಟರ್ ನಗುತ್ತಿದ್ದ. ನಾನೂ ನಗುತ್ತಿದ್ದೆ — ಆ ನಗುವಿನಲ್ಲಿ ಎಷ್ಟು ಖುಷಿ, ಎಷ್ಟು ಉರಿ... ಈಗ ಬಿಡಿಸಿ ಹೇಳಲಾರೆ.

ಸ್ಪರ್ಧೆ ಅದೇ ತೋಟದಲ್ಲಿ ನಡೆಯಿತು. ಶಿವಮೊಗ್ಗ, ಚಿತ್ರದುರ್ಗದ ಕಡೆಯಿಂದಲೂ ಹೊಸ ಸವಾರರು ಬಂದಿದ್ದರು. ನಮ್ಮಿಬ್ಬರಿಗೂ ಮೋತಿಯೇ, ಮೊದಲು ನಾನು, ಆಮೇಲೆ ನೀನು. ಮೋತಿಗೂ ಅದು ಮೊದಲನೇ ಸ್ಪರ್ಧೆ. ಬೆಳಿಗ್ಗೆ ಅದರ ಜೂಲು ಹೆಣೆದವಳು ನೀನು, ನನ್ನ ಕೂದಲನ್ನು ಹೆಲ್ಮೆಟ್ಟಿನೊಳಗೆ ಸೇರಿಸಿ ಪಿನ್ ಹಾಕಿದವಳೂ ನೀನೇ. ನಾನು ನಿಲ್ಲಬೇಕಾದಲ್ಲಿ ಸೊಟ್ಟಗೆ ನಿಂತು, ಓಡಬೇಕಾದಲ್ಲಿ ನಡೆದು, ಹೇಗೋ ಮುಗಿಸಿ ಬಂದೆ. ದಫೇದಾರ್ ಸರ್ ಯಾರಿಗೋ ಹೇಳುತ್ತಿದ್ದರು: "ಈಗ ಬರೋ ಹುಡುಗೀನ ನೋಡ್ರಿ. ಕೈ ಅಂದ್ರೆ ಅದು."

ನಿನ್ನ ಸರದಿಯವರೆಗೆ ಮೋತಿಯನ್ನು ಲಗಾಮು ಸಡಿಲ ಬಿಟ್ಟು ನಿಧಾನ ನಡೆಸುವುದು ನನ್ನ ಕೆಲಸ. ನಾನು ಹುಲ್ಲಿನ ಬಣವೆಯ ಹಿಂದಕ್ಕೆ ಹೋದೆ. ಮೇಲೆ ಕೂತೇ ಲಗಾಮನ್ನು ಗಿಡ್ಡಕ್ಕೆ ಹಿಡಿದು ಎಡಕ್ಕೆ, ಬಲಕ್ಕೆ ಜಗ್ಗಿದೆ. ಮತ್ತೆ ಜಗ್ಗಿದೆ. ಬಾಯೊಳಗಿನ ಕಬ್ಬಿಣದ ಕಡಿವಾಣ ಉಜ್ಜಿ ಅದರ ತುಟಿಯ ಮೂಲೆ ಕೆಂಪಾಯಿತು. ಕರ್ಚೀಫಿನಿಂದ ಒರೆಸಿ, ತಂದು ನಿನಗೆ ಕೊಟ್ಟೆ. "ಯಾಕ ಇಷ್ಟು ಬೆವತೈತೆ?" ಅಂದೆ ನೀನು. "ಬಿಸಿಲಿಗೆ" ಅಂದೆ ನಾನು.

ನೀನು ಲಗಾಮು ಹಿಡಿದಾಗಲೆಲ್ಲ ಅದು ತಲೆ ಕೊಡವಿತು. ನಿಲ್ಲಿಸಹೋದರೆ ಹಿಂದಕ್ಕೆ ಸರಿಯಿತು. ತೀರ್ಪುಗಾರರು ಪ್ರೀತಿಯಿಂದಲೇ, "ಕೈ ಸ್ವಲ್ಪ ಮೆತ್ತಗಾಗಬೇಕಮ್ಮ" ಎಂದರು. ದಫೇದಾರ್ ಸರ್ ಮೋತಿಯ ಬಾಯಿ ನೋಡಿದರು, ನಿನ್ನನ್ನು ನೋಡಿದರು, ನಿನ್ನ ಕೈಯಿಂದ ಲಗಾಮು ತೆಗೆದುಕೊಂಡರು. ಬಸ್ಸಿನಲ್ಲಿ ನೀನು ಎರಡೂ ಅಂಗೈ ತಿರುಗಿಸಿ ನೋಡಿಕೊಂಡೆ. "ಎತ್ತಿನ ಹಗ್ಗ ಹಿಡಿದ ಕೈ ಇವು. ನನ್ನಿಂದಾನೇ ಅದಕ್ಕೆ ನೋವಾತೇನೇ?"

ಇಲ್ಲ ಎಂದಿದ್ದರೆ ಸಾಕಿತ್ತು. ನಾನು ಹೇಳಿದ್ದು — "ಹೂಂ, ನಿನ್ನ ಕೈ ಸ್ವಲ್ಪ ಬಿರುಸೇ."

ನೀನು ಅತ್ತಿದ್ದರೆ, ಜಗಳವಾಡಿದ್ದರೆ... ಏನೂ ಇಲ್ಲ. ನನಗೆ ಜೊತೆಯಾಗಿ ಬರುವುದನ್ನೂ ಬಿಡಲಿಲ್ಲ. ಆದರೆ ಮತ್ತೆ ಹತ್ತಲಿಲ್ಲ. ಮೋತಿಗೆ ಹುಲ್ಲು ಕೊಡುವಾಗಲೂ ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದೆ, ಮುಟ್ಟಿದರೆ ಎಲ್ಲಿ ನೋವಾದೀತೋ ಎಂದು. ಅದು ಹುಲ್ಲು ಬಿಟ್ಟು ನಿನ್ನ ಕಡೆಗೇ ಕತ್ತು ಚಾಚುತ್ತಿತ್ತು. ನಾನು ನೋಡುತ್ತಾ ನಿಂತಿರುತ್ತಿದ್ದೆ.

ಹೋದ ತಿಂಗಳು ದಾವಣಗೆರೆಯ ಮದುವೆಯೊಂದರಲ್ಲಿ ನೀನು ಸಿಕ್ಕೆ, ಮಗಳ ಜೊತೆ. ಹೊರಗೆ ಮೆರವಣಿಗೆಯ ಕುದುರೆ ನಿಂತಿತ್ತು. ಅದನ್ನು ಸವರಲು ಕೈ ಚಾಚುತ್ತಾ ನಿನ್ನ ಮಗಳು, "ಅಮ್ಮಾ, ನಾನೂ ಸವಾರಿ ಕಲೀತೀನಿ" ಅಂದಳು. ನೀನು ನಗುತ್ತಲೇ, "ಬ್ಯಾಡ ಬಿಡು, ನಮ್ಮ ಕೈ ಬಿರುಸು. ಪಾಪ, ಅದಕ್ಕೆ ನೋವಾಗ್ತೈತೆ" ಅಂದೆ. ಆ ಹುಡುಗಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ತನ್ನ ಅಂಗೈ ನೋಡಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಹೊಟ್ಟೆಕಿಚ್ಚು, ಸಣ್ಣ ವಯಸ್ಸು — ಯಾವುದನ್ನೂ ನೆಪವಾಗಿ ಮುಂದಿಡುವುದಿಲ್ಲ. ನಾಳೆ ಹರಿಹರಕ್ಕೆ, ನಿನ್ನ ಮನೆಗೆ ಬರುತ್ತೇನೆ. ನಡೆದದ್ದನ್ನು ನಿನ್ನ ಮಗಳೆದುರೇ ಹೇಳಬೇಕು. ಇದನ್ನು ಓದಿದ ಮೇಲೆ ನೀನು ಬಾಗಿಲು ತೆಗೆಯದಿದ್ದರೂ ಸರಿ — ಹೊರಗೆ ನಿಂತೇ ಹೇಳುತ್ತೇನೆ, ಅವಳಿಗೆ ಕೇಳಿಸುವಷ್ಟು ಜೋರಾಗಿ.