ನೀರಿಳಿದ ಊರಿನಲ್ಲಿ ಒಂದು ವಿಚಾರಣೆ

1978ರಲ್ಲಿ ನಾನು ಬೈಲಹೊಂಗಲದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಜನರ ಬಾಯಲ್ಲಿ 'ಪ್ರಾಂತ ಸಾಹೇಬ'. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳು ನನ್ನ ಪಾಲಿಗಿದ್ದವು, ಅವುಗಳ ಚಿಂತೆಯೂ. ಚಿಂತೆ ನನ್ನ ಹುಟ್ಟುಗುಣ. ಕಚೇರಿಗೆ ಬೀಗ ಹಾಕಿಸಿ ಎಳೆದು ನೋಡುತ್ತಿದ್ದೆ. ಜೀಪು ಹತ್ತಿದವನು ಇಳಿದು ಬಂದು ಮತ್ತೆ ಎಳೆಯುತ್ತಿದ್ದೆ. "ಸಾಹೇಬ್ರ, ಇನ್ನೊಮ್ಮಿ ಜಗ್ಗಿದ್ರ ಕೀಲಿ ಕೈಯಾಗ ಬರತೈತ್ರಿ" ಎಂದು ಸಿಪಾಯಿ ಎಚ್ಚರಿಸಿದ್ದ.

ಆ ಬೇಸಿಗೆಯಲ್ಲಿ ಮತದಾರರ ಪಟ್ಟಿಯ ಪರಿಷ್ಕರಣೆ ನಡೆದಿತ್ತು. ಪಟ್ಟಿಯಲ್ಲಿರುವವನು ಭಾರತದ ನಾಗರಿಕನಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ನನ್ನ ಕೋರ್ಟಿನಲ್ಲಿ ವಿಚಾರಣೆಯಾಗುತ್ತಿತ್ತು. ರುಜುವಾತು ಆಕ್ಷೇಪಿಸಿದವನ ಹೊಣೆ. ಕಾನೂನು ಹಾಗೆ ಹೇಳುತ್ತದೆ; ಆದರೆ ಸಂಶಯವೆಂಬುದು ಕಾನೂನಿಗಿಂತ ಮೊದಲು ಬಂದು ಕುರ್ಚಿ ಹಿಡಿದಿರುತ್ತದೆ.

ಮಲಪ್ರಭಾ ಜಲಾಶಯದಲ್ಲಿ ಮುಳುಗಿದ ಒಂದು ಊರಿನ ಜನರಿಗೆ ಮುನವಳ್ಳಿ ಸಮೀಪ ಹೊಸ ಊರು ಕಟ್ಟಿಕೊಟ್ಟಿದ್ದರು. ಅಲ್ಲಿನ ಶಿವನಗೌಡರು ಯಲ್ಲಪ್ಪನೆಂಬ ಮೀನುಗಾರನ ಹೆಸರಿಗೆ ಆಕ್ಷೇಪಣೆ ಹಾಕಿದರು. ಯಲ್ಲಪ್ಪ ತಾನು ಮುಳುಗಿದ ಊರಿನ ಹೊರಗಿದ್ದ ಕೇರಿಯವನೆಂದೂ, ಹುಡುಗನಿದ್ದಾಗ ಗುತ್ತಿಗೆದಾರನೊಬ್ಬನ ಹಿಂದೆ ಕಲಕತ್ತೆಗೆ ಹೋಗಿ ಬಂದರಿನಲ್ಲಿ ಹಮಾಲಿ ಮಾಡಿದೆನೆಂದೂ, ಅಪ್ಪ ದುರ್ಗಪ್ಪ ತೀರಿಕೊಂಡ ಮೇಲೆ ಮರಳಿದೆನೆಂದೂ ಹೇಳುತ್ತಿದ್ದ. ಗೌಡರ ಪ್ರಕಾರ ಅವನು ಬಾಂಗ್ಲಾ ಯುದ್ಧದ ಕಾಲಕ್ಕೆ ಗಡಿ ದಾಟಿದ ನಿರಾಶ್ರಿತ; ಸತ್ತವನ ಮಗನೆಂದು ಸೋಗು ಹಾಕಿದ್ದಾನೆ. ಹೆಸರು ಹೋದರೆ ಮತ ಮಾತ್ರವಲ್ಲ, ದುರ್ಗಪ್ಪನ ಹೆಸರಿಗೆ ಮಂಜೂರಾಗಿದ್ದ ಮನೆಯ ಜಾಗವೂ ಹೋಗುತ್ತಿತ್ತು, ಪೊಲೀಸರು ಬರುತ್ತಿದ್ದರು. ಆ ಜಾಗ ಗೌಡರ ಹಿತ್ತಲಿಗೆ ಹೊಂದಿಕೊಂಡಿತ್ತೆಂದು ತಿಳಿದಾಗ ಗೌಡರ ಮೇಲೂ ನನಗೆ ಗುಮಾನಿ ಬಂತು.

ಯಲ್ಲಪ್ಪನ ಮೇಲಿನ ಗುಮಾನಿಯೇನೂ ಕಡಿಮೆಯಾಗಲಿಲ್ಲ. ಲುಂಗಿ ಉಡುವ ರೀತಿ ಬೇರೆ, ಮಾತಿನ ರಾಗ ಬೇರೆ, ಕಾಗದಪತ್ರ ಒಂದೂ ಇಲ್ಲ. ಥಟ್ಟನೆ ಉತ್ತರಿಸಿದರೆ ಬಾಯಿಪಾಠವೆನಿಸುತ್ತಿತ್ತು, ತಡವರಿಸಿದರೆ ಸುಳ್ಳೆನಿಸುತ್ತಿತ್ತು. ಕೇರಿಯ ಇಬ್ಬರು ಮುದುಕರನ್ನು ಸಾಕ್ಷಿಗೆ ಕರೆಸಿದೆ. ಅವರು ಯಲ್ಲಪ್ಪನ ಮುಖ ನೋಡುವ ಬದಲು ಗೌಡರ ಮುಖ ನೋಡಿ, "ಇದ್ರೂ ಇರಬಹುದ್ರಿ" ಎಂದರು.

ಆಗ ಗೌಡರ ಪರವಾಗಿ ಬಂದಿದ್ದ ಕಿತ್ತೂರಿನ ವಕೀಲರು ಎದ್ದರು. "ಬ್ಯಾಸಿಗಿಗೆ ನೀರ ಇಳದು ಹಳೇ ಊರು ಮ್ಯಾಲ ಎದ್ದೈತ್ರಿ. ಹುಟ್ಟಿದ ಮನಿ ತೋರಸ್ಲಿ ನೋಡೂಣು."

ಒಪ್ಪಿದೆ. ಶಿರಸ್ತೇದಾರರನ್ನು ಪಂಚನಾಮೆ, ಅಂದರೆ ಕಂಡದ್ದರ ದಾಖಲೆ, ಬರೆಯಲು ಕರೆದುಕೊಂಡು, ಎರಡೂ ಕಡೆಯವರು ಮತ್ತು ಆ ಮುದುಕರೊಂದಿಗೆ ಹೊರಟೆವು. ಊರೆಂದರೆ ಬಿರಿದ ಕೆಸರು, ಮೊಣಕಾಲೆತ್ತರದ ಗೋಡೆಗಳು, ಊರಬಾಗಿಲಾದ ಅಗಸಿಯ ಎರಡು ಕಲ್ಲುಕಂಬ. ಕೆಸರಿನಲ್ಲಿ ನನ್ನ ಬಲಗಾಲಿನ ಬೂಟು ಹೂತುಹೋಯಿತು. ಉಳಿದ ವಿಚಾರಣೆಯನ್ನು ಒಂದೇ ಬೂಟಿನ ಗಾಂಭೀರ್ಯದಲ್ಲಿ ನಡೆಸಿದೆ.

ಯಲ್ಲಪ್ಪ ಅಗಸಿಯೊಳಗೆ ಬಂದವನು ಪೂರಾ ದಿಕ್ಕು ತಪ್ಪಿದ. ದೊಡ್ಡ ಬೀದಿಯಲ್ಲಿ ಹೋದ, ಬಂದ, ಗೋಡೆಗಳನ್ನು ಪಿಳಿಪಿಳಿ ನೋಡಿದ.

"ಹುಟ್ಟಿದ ಮನಿ ದಾರಿನ ಗೊತ್ತಿಲ್ಲ. ಭಾಳ ಛಲೋ ಮಗ ಅದಾನ್ರಿ" ಎಂದು ಗೌಡರು ನಕ್ಕರು.

ಮನಸ್ಸಿನಲ್ಲಿ ನಾನು ಆದೇಶದ ಮೊದಲ ಸಾಲು ಬರೆದಾಗಿತ್ತು. ಯಲ್ಲಪ್ಪ ಕೈಮುಗಿದ. "ಸಾಹೇಬ್ರ, ಈ ಅಗಸಿಯಿಂದ ನಾ ಎಂದೂ ಒಳಗ ಬಂದಾವಲ್ರಿ. ನಮ್ಮನ್ನ ಬಿಡತಿರಲಿಲ್ರಿ. ಹೊಳಿ ಕಡಿಂದ ಹೊಂಟ್ರ ತೋರಸ್ತೇನ್ರಿ."

ಇದೂ ಒಂದು ನೆಪವೆಂದು ನನಗೆ ತೋರಿತು. ಅಷ್ಟರಲ್ಲಿ ಅವನ ಕಾಲು ಕೆಸರಿನಲ್ಲಿ ಕುಸಿಯಿತು. ಸಾವರಿಸಿಕೊಳ್ಳಲು ಪಕ್ಕದ ಕಲ್ಲುಕಟ್ಟೆಯ ಮೇಲೆ ಕಾಲಿಟ್ಟ. ಅದು ಹಳೆಯ ಮಠದ ಕಟ್ಟೆ.

"ಏ ಯಲ್ಲ್ಯಾ! ಇಳಿಯಲೇ ಕೆಳಗ!" ಗೌಡರ ಕೂಗಿಗೆ ನೀರ ಹಕ್ಕಿಗಳು ಎದ್ದವು. "ನಿಮ್ಮಪ್ಪ ದುರಗ್ಯಾ ಸಾಯೂತನಕಾ ಈ ಕಟ್ಟಿ ಮುಟ್ಟಿರಲಿಲ್ಲ, ನೀ ಕಾಲಿಡತೀ?"

ವಕೀಲರು ದೂರದ ನೀರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಯಲ್ಲಪ್ಪ ಕಾಲು ತೆಗೆಯಲಿಲ್ಲ.

"ಗೌಡ್ರ, ಕಡೀಕೂ ಗುರ್ತ ಹಿಡದ್ರೆಲ್ರಿ" ಎಂದ.

ಶಿರಸ್ತೇದಾರರು ಪೆನ್ನು ಹಿಡಿದು ನನ್ನತ್ತ ಬಾಗಿದರು. "ಇದನ್ನ ಹೆಂಗ ಬರೀಲ್ರಿ?"

"ಅಂದಂಗ ಬರೀರಿ. ಒಂದ ಅಕ್ಷರ ಬಿಡಬ್ಯಾಡ್ರಿ."

ಆಮೇಲೆ ಹೊಳೆಯ ಕಡೆಯಿಂದ ಹೊರಟೆವು. ಯಲ್ಲಪ್ಪ ಎಲ್ಲಿಯೂ ನಿಲ್ಲದೆ, ಕೇರಿಯ ಹೂತ ಬಾವಿಯನ್ನು ಬಳಸಿ, ಎರಡು ಮೋಟು ಗೋಡೆಗಳ ನಡುವೆ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಕೋರ್ಟಿನಲ್ಲಿ 'ಇರಬಹುದ್ರಿ' ಎಂದಿದ್ದ ಮುದುಕರಲ್ಲೊಬ್ಬ, "ದುರಗಪ್ಪನ ಮನೀನ ರೀ ಅದು" ಎಂದ, ಈ ಸಲ ಗೌಡರತ್ತ ನೋಡದೆ.

ಆಕ್ಷೇಪಣೆಯನ್ನು ವಜಾ ಮಾಡಿದೆ. ಹೈಕೋರ್ಟಿಗೆ ಹೋಗುತ್ತೇನೆಂದು ಗೌಡರು ಹೇಳಿಹೋದರು. ನೋಟಿಸು ಬಂದೀತೆಂದು ನಾನು ತಿಂಗಳುಗಟ್ಟಲೆ ಟಪಾಲಿನವನನ್ನು ಕಂಡರೆ ಬೆವರುತ್ತಿದ್ದೆ. ಅದು ಬರಲೇ ಇಲ್ಲ.

ಆ ದಿನ ಗೌಡರು ಒಂದು ಗಳಿಗೆ ಬಾಯಿ ಬಿಗಿಹಿಡಿದಿದ್ದರೆ ಯಲ್ಲಪ್ಪ ಪರದೇಶಿಯಾಗಿ ಹೋಗುತ್ತಿದ್ದ, ಅದೂ ನನ್ನ ಸಹಿಯಿಂದ. ಊರ ಬೀದಿ ಗೊತ್ತಿಲ್ಲದವನು ಊರಿನವನಲ್ಲ ಎಂದು ನಾನು ನಂಬಿದ್ದೆ; ಊರು ಅವನನ್ನು ಆ ಬೀದಿಗೆ ಬಿಟ್ಟಿತ್ತೇ ಎಂದು ಕೇಳಿರಲಿಲ್ಲ. ಸಂಶಯಪಡುವುದನ್ನು ಈ ನೌಕರಿ ನನಗೆ ಬಿಡಿಸಲಿಲ್ಲ, ಬಿಡಿಸುವುದು ಸಾಧ್ಯವೂ ಇರಲಿಲ್ಲ. ಆದರೆ ಈಗ ಯಾವ ಸ್ಥಳ ಪರಿಶೀಲನೆಗೆ ಹೋದರೂ, ಮನೆ ಎಲ್ಲಿ ಎನ್ನುವ ಮೊದಲು, "ನೀವು ಯಾವ ಕಡಿಂದ ಬರತಿದ್ರಿ?" ಎಂದು ಕೇಳಿ, ಅಲ್ಲಿಂದಲೇ ಹೊರಡುತ್ತೇನೆ.