ಯಾಸ್ಪರ್ ಹೊಟ್ಟೆ ಉರಿಸಿದ ನೆರಳು

ಮೊದಲು ಚಹಾ ಕುಡಿ, ಕೂಸೇ, ಆರಿ ತಣ್ಣೀರಾಗುತ್ತೆ. ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ. ಹಾಂ, ನೀನು ಬೆರಳು ಮಾಡಿ ತೋರಿಸಿದ್ದು ಅದೇ ಫೋಟೊ. ಕಿತ್ತಳೆ ಹೂವಿನ ನಡುವೆ ಕೂತು ನಗುತ್ತಿದ್ದಾಳಲ್ಲ, ಅವಳು ಪಕ್ಕದ ಮನೆ ದ್ರೀಕಾ. ಅವಳ ಮಗ್ಗುಲಲ್ಲಿ ಹುಣಸೆಹಣ್ಣು ಕಚ್ಚಿದವನ ಹಾಗೆ ಮುಖ ಮಾಡಿಕೊಂಡಿರುವವನು ಅವಳ ಗಂಡ ಯಾಸ್ಪರ್. ಯಾರನ್ನು ಹಾಗೆ ಗುರಾಯಿಸುತ್ತಿದ್ದಾನೆ ಅಂತ ತಾನೆ ಕೇಳಿದ್ದು? ಬರೆದುಕೋ ಮತ್ತೆ. ಆದರೆ ನಾನು ಕೆಮ್ಮಿದ್ದು, ನಾಯಿಯನ್ನು ಬೈದದ್ದು ಎಲ್ಲಾ ಬರೆಯಬೇಡ.

ಯಾಸ್ಪರ್ ಬ್ಯೂಕೆಸ್ ಆಡು ಕಾಯುವವನು. ಕುಳ್ಳ, ಗಟ್ಟಿ ಆಳು, ಕೈ ಶುದ್ಧ, ಮಾತು ಕಮ್ಮಿ. ಅವನಲ್ಲಿ ಇದ್ದ ಒಂದೇ ರೋಗ ಹೊಟ್ಟೆಕಿಚ್ಚು. ಪಾದ್ರಿಗಳು ದ್ರೀಕಾಳ ಕೈಯನ್ನು ಒಂಚೂರು ಹೆಚ್ಚು ಹೊತ್ತು ಕುಲುಕಿದರೆ ಮನೆ ಮುಟ್ಟುವವರೆಗೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅಷ್ಟೇ ಅಲ್ಲ, ಅವಳು ಕತ್ತೆಗೆ ರೊಟ್ಟಿಯ ತುಂಡು ತಿನ್ನಿಸಿದರೆ ಕತ್ತೆಯ ಮೇಲೂ ಕಣ್ಣು. ‘ಅದಕ್ಕೆ ಮೆತ್ತನೆಯದು, ನನಗೆ ಸೀದದ್ದು’ ಅನ್ನುತ್ತಿದ್ದ. ದ್ರೀಕಾ ಹಾಗೇನೂ ಅಪ್ಸರೆಯಲ್ಲ ಮತ್ತೆ. ಮೂಗು ನನ್ನದೇ ಚೆನ್ನಾಗಿತ್ತು. ಅದನ್ನು ಬರೆಯಬೇಡ. ಅಥವಾ ಬರಿ, ಹೋಗಲಿ.

ಆದರೆ ಆ ಇಬ್ಬರಿಗೆ ಒಂದು ಚಟವಿತ್ತು, ಅದಕ್ಕೆ ಊರೆಲ್ಲ ಉರಿಯುತ್ತಿತ್ತು. ಬಿಡುವಾದ ದಿನ ಕತ್ತೆಗಾಡಿ ಕಟ್ಟಿಕೊಂಡು, ಬೂದಿಯಲ್ಲಿ ಸುಟ್ಟ ರೊಟ್ಟಿ, ಡಬ್ಬಿಯಲ್ಲಿ ಕೆಂಪು ಚಹಾ ಇಟ್ಟುಕೊಂಡು ಹೊರಟುಬಿಡುತ್ತಿದ್ದರು. ದೂರ ಎಲ್ಲಿಗೂ ಇಲ್ಲ, ಇಲ್ಲೇ, ನಮ್ಮ ಕಾಮೀಸ್ ಬೆಟ್ಟದ ಸೆರಗಿಗೆ. ಜೂನ್‌ನಲ್ಲಿ ಚಳಿ ಶುರುವಾಗಿ ಕೋಕರ್ ಮರ ಹಳದಿ ಹೂ ಬಿಟ್ಟಾಗ ಒಂದು ಸಲ, ಚಳಿ ಬಲಿತು ತುದಿಗೆ ಹಿಮ ಕೂತಾಗ ಒಂದು ಸಲ. ಮಳೆಯಾದ ಮೇಲೆ ಆಗಸ್ಟ್ ತಿಂಗಳಲ್ಲಿ ಪಾಳು ಬಿಟ್ಟ ಗೋಧಿ ಹೊಲಗಳೆಲ್ಲ ಹೂವಾಗಿ ಹೊತ್ತಿಕೊಂಡಾಗ ಅಂತೂ ದಿನಾ ಅಂದರೂ ದಿನಾ. ಬೇಸಗೆಯಲ್ಲಿ ಕಲ್ಲು ಬಿಟ್ಟರೆ ಏನೂ ಇರುವುದಿಲ್ಲ ನೋಡು, ಆಗ ಯಾಸ್ಪರ್ ಕಲ್ಲಿನ ಫೋಟೊ ಹೊಡೆಯುತ್ತಿದ್ದ. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಗಾಡಿ ಹೋಗುವುದನ್ನು ನೋಡುತ್ತಿದ್ದೆ. ನನ್ನ ಗಂಡ ಹೆರ್ಮಾನ್‌ನನ್ನು ಕೇಳಿದರೆ, ‘ಹೂ ತಾನೇ? ನಮ್ಮ ದೊಡ್ಡಿ ಹಿಂದೇನೇ ಬಂದಿದೆಯಲ್ಲೇ. ಅಲ್ಲೇ ಹೋಗಿ ಕೂತ್ಕೋ’ ಅನ್ನುತ್ತಿದ್ದ. ಒಳ್ಳೆಯವನೇ, ಪಾಪ. ಆದರೂ ದೊಡ್ಡಿಯ ಹಿಂದೆ ಕೂರುವುದೂ ಗಾಡಿಯಲ್ಲಿ ಹೋಗುವುದೂ ಒಂದೇ ಏನು?

ಕ್ಯಾಮೆರಾ ಬಂದದ್ದು ನಮ್ಮ ಶಾಲೆಯ ಎಸಾವು ಮೇಷ್ಟ್ರಿಂದ. ಅವರು ಹೊಸದು ಕೊಂಡು, ಹಳೆಯದನ್ನು ಒಂದು ಹಾಲು ಕೊಡುವ ಆಡಿಗೆ ಬದಲಾಗಿ ಯಾಸ್ಪರ್‌ಗೆ ಕೊಟ್ಟರು. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆಯೇ ಕೂತು ಯಾವ ಗುಂಡಿ ಯಾವುದಕ್ಕೆ ಅಂತ ಹೇಳಿಕೊಟ್ಟರು. ದ್ರೀಕಾ ಬಾಯಿಪಾಠ ಮಾಡುವ ಹುಡುಗಿಯ ಹಾಗೆ ಕೇಳಿಸಿಕೊಂಡಳು. ಯಾಸ್ಪರ್ ಕೇಳಿಸಿಕೊಳ್ಳಲಿಲ್ಲ. ಮೇಷ್ಟ್ರ ಬೆರಳಿಗೂ ದ್ರೀಕಾಳ ಬೆರಳಿಗೂ ಎಷ್ಟು ಅಂತರವಿದೆ ಅಂತ ಅಳೆಯುವುದರಲ್ಲೇ ಅವನ ಗಮನವೆಲ್ಲ ಕಳೆದುಹೋಯಿತು.

ನಮ್ಮ ಹೂಗಳ ಸ್ವಭಾವ ನಿನಗೆ ಗೊತ್ತೇ ಇದೆ. ಬಿಸಿಲೇರದೆ ಕಣ್ಣು ಬಿಡುವುದಿಲ್ಲ, ಬಿಟ್ಟರೆ ಸೂರ್ಯನನ್ನು ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಸೂರ್ಯನಿಗೆ ಮುಖ ಮಾಡಿ ನಡೆದರೆ ನಮಗೆ ಸಿಗುವುದು ಅವುಗಳ ಬೆನ್ನು, ಬರೀ ಹಸಿರು. ಕೇಪ್ ಪಟ್ಟಣದ ಕಡೆಯಿಂದ ಕಾರಿನಲ್ಲಿ ಬರುವವರು ಇದು ತಿಳಿಯದೆ, ‘ಹೂವೇ ಇಲ್ಲ’ ಅಂತ ವಾಪಸು ಹೋಗುವುದೂ ಉಂಟು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಮಾತ್ರ ಹೊಲಕ್ಕೆ ಹೊಲವೇ ನಿನ್ನನ್ನು ನೋಡುತ್ತೆ. ಆದರೆ ಆಗಸ್ಟ್‌ನಲ್ಲಿ ನಮ್ಮ ಈ ತೆಂಕಣ ನಾಡಿನಲ್ಲಿ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಸೂರ್ಯ ಬಡಗಣದಲ್ಲಿ ತಗ್ಗಿ ನಡೆಯುತ್ತಾನೆ, ಮಧ್ಯಾಹ್ನವೂ ನೆರಳು ಉದ್ದ. ಹಾಗಾಗಿ ಯಾಸ್ಪರ್ ಹೊಡೆದ ಪ್ರತಿ ಫೋಟೊದಲ್ಲೂ ಹೂವು, ಹೂವಿನಲ್ಲಿ ದ್ರೀಕಾ, ಅವಳ ಪಾದದ ಹತ್ತಿರ ಅವನ ನೆರಳು. ಅವನ ಹ್ಯಾಟಿನ ಅಂಚನ್ನು ಒಂದು ಆಡು ಕಚ್ಚಿ ತಿಂದಿತ್ತು. ಆ ಕಚ್ಚು ಕೂಡ ನೆರಳಿನಲ್ಲಿ ಕಾಣುತ್ತಿತ್ತು. ‘ಅದು ನನ್ನ ರುಜು. ಇವಳು ನನ್ನವಳು ಅಂತ ಬರೆದ ಹಾಗೆ’ ಅನ್ನುತ್ತಿದ್ದ. ಅವರ ಮನೆಯ ಗೋಡೆ ತುಂಬಾ ಇದೇ.

ಒಂದು ವರ್ಷ ಮಳೆ ಹದವಾಗಿ ಹೊಯ್ದಿತ್ತು. ಮುದುಕರು ಕೂಡ ಇಂಥ ಹೂವು ನೋಡಿಲ್ಲ ಅಂದರು. ಸ್ಪ್ರಿಂಗ್‌ಬಾಕ್ ಪೇಟೆಯಲ್ಲಿ ತೊಳೆಯಲು ಕೊಟ್ಟಿದ್ದ ಫೋಟೊಗಳು ಬಸ್ಸಿನಲ್ಲಿ ಬಂದವು. ದ್ರೀಕಾ ಚರ್ಚಿನಲ್ಲಿ ಹೊಲಿಗೆಗೆ ಹೋಗಿದ್ದಳು. ಯಾಸ್ಪರ್ ಲಕೋಟೆ ತೆಗೆದುಕೊಂಡು ನಮ್ಮ ಕಟ್ಟೆಗೆ ಬಂದು ಒಂದೊಂದೇ ತೆಗೆದು ನನಗೆ ತೋರಿಸುತ್ತಿದ್ದ. ನೋಡುತ್ತಾ ನೋಡುತ್ತಾ ಅವನ ಕೈ ನಿಂತಿತು.

‘ಸೀನಾ, ಇದ್ಯಾರ ನೆರಳು?’

ನಾನು ಬಗ್ಗಿ ನೋಡಿದೆ. ದ್ರೀಕಾ ಹೂವಿನ ನಡುವೆ ಕಾಲು ಚಾಚಿ ಕೂತಿದ್ದಾಳೆ, ತಲೆವಸ್ತ್ರ ಜಾರಿ ಕುತ್ತಿಗೆಗೆ ಬಿದ್ದಿದೆ, ಗಂಟಲು ಕಾಣುವ ಹಾಗೆ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಳೆ. ಅವಳು ಹಾಗೆ ನಕ್ಕದ್ದನ್ನು ನಾನೂ ನೋಡಿರಲಿಲ್ಲ. ಅವಳ ಪಾದದ ಹತ್ತಿರ ಒಂದು ನೆರಳು, ಸೊಂಟದಿಂದ ಮೇಲಷ್ಟೇ. ಸಪೂರ ಮೈ. ತಲೆಯ ಮೇಲೆ ಹ್ಯಾಟು. ಹ್ಯಾಟಿನ ಅಂಚು ದುಂಡಗೆ, ಪೂರ್ತಿ, ಒಂದು ಕಚ್ಚೂ ಇಲ್ಲ.

‘ಯಾರೋ ಗಂಡಸಿನದು’ ಅಂದುಬಿಟ್ಟೆ.

‘ಅಷ್ಟು ನನ್ನ ಕತ್ತೆಗೂ ಗೊತ್ತಾಗುತ್ತೆ. ಯಾವ ಗಂಡಸು?’

‘ನೀನೇ ಇರ್ಬೇಕು, ಮಾರಾಯ.’

‘ನಾನು ಹೊಡೆದಿದ್ದು ನನಗೆ ಗೊತ್ತಿರಲ್ವಾ? ನಾನು ಆಡಿನ ಹಟ್ಟಿಗೆ ಬೆಟ್ಟ ಹತ್ತಿದ್ದಾಗ ಆಗಿರೋ ಕೆಲಸ ಇದು.’ ಆಮೇಲೆ ಮೆಲ್ಲಗೆ, ‘ನನ್ನ ಮುಂದೆ ಒಂದು ದಿನಾನೂ ಹೀಗೆ ನಗಲಿಲ್ಲ, ಸೀನಾ’ ಅಂದ.

ಆ ಫೋಟೊವನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೋದ. ಹೆಂಡತಿಯನ್ನು ಕೇಳಿದನೇ? ಇಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತಲ್ಲ, ಆ ಭಯ. ಕ್ಯಾಮೆರಾವನ್ನು ಮೊಳೆಗೆ ನೇತುಹಾಕಿ ಆಡಿನ ಹಿಂದೆ ಹೊರಟುಬಿಟ್ಟ. ಹೊರಗೆ ಹೊಲವೆಲ್ಲ ಬೆಂಕಿಯಂತೆ ಉರಿಯುತ್ತಿದ್ದರೆ ಒಳಗೆ ಇವನು ಉರಿಯುತ್ತಿದ್ದ. ನಮ್ಮೆರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ನಾನೇನು ಕಿವಿ ಕೊಟ್ಟು ಕೇಳಬೇಕಾಗಿರಲಿಲ್ಲ.

‘ಯಾಸ್ಪರ್, ಗಾಡಿ ಕಟ್ಟು. ಮೂಡಗಾಳಿ ಬೀಸಿದ್ರೆ ಎಲ್ಲಾ ಒಣಗಿ ಹೋಗುತ್ತೆ.’

‘ಕತ್ತೆ ಕಾಲು ಕುಂಟ್ತಾ ಇದೆ.’

‘ಬೆಳಿಗ್ಗೆ ನೆಟ್ಟಗೇ ನಡೀತಿತ್ತಲ್ಲ!’

‘ಹಾಗಾದ್ರೆ ನೀನೇ ಹೋಗು. ನಿನ್ನನ್ನ ನಗಿಸೋರ ಜೊತೆ ಹೋಗು.’

ದ್ರೀಕಾಗೆ ತಲೆಬುಡ ತಿಳಿಯಲಿಲ್ಲ. ಆದರೆ ಅವಳಿಗೂ ಬಿಂಕ ಕಮ್ಮಿಯೇನಲ್ಲ. ಅವಳು ಬಾಯಿ ಮುಚ್ಚಿಕೊಂಡಳು, ಅವನಿಗೆ ಅದೇ ಸಾಕ್ಷಿಯಾಯಿತು. ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನು ತಿರುಗಿಸಿ ಉಂಡರು. ಆಡಿನ ಹಟ್ಟಿಯಲ್ಲೇ ಇದ್ದುಬಿಡುತ್ತೇನೆ, ಮನೆಗೆ ಬರುವುದೇ ಇಲ್ಲ ಅಂತ ಅವನು ಹಾಸಿಗೆ ಸುತ್ತಿ ಗಾಡಿಗೆ ಹಾಕಿದ್ದನ್ನು ಹೆರ್ಮಾನ್ ಕಣ್ಣಾರೆ ನೋಡಿದ. ಅಷ್ಟು ಮುಂದೆ ಹೋಗಿತ್ತು. ಭಾನುವಾರ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೊರಡುವುದು ಅಂತ ನಿಂತಿದ್ದ, ದೇವರಿಗೆ ಹೆದರುವವನು.

ಅಷ್ಟರಲ್ಲಿ ಅವನ ಅನುಮಾನ ಮೇಷ್ಟ್ರ ಮೇಲೆ ಕೂತಿತ್ತು. ವಾರದ ದಿನದಲ್ಲೂ ಅಂಚು ಸರಿಯಿರುವ ಕರಿ ಹ್ಯಾಟು ಹಾಕುವವರು ಊರಿಗೆ ಅವರೊಬ್ಬರೇ. ಶಾಲೆ ಬಿಟ್ಟ ಹೊತ್ತಿಗೆ ಅಂಗಳಕ್ಕೇ ಹೋದ.

‘ಮೇಷ್ಟ್ರೇ, ಸ್ವಲ್ಪ ಬಿಸಿಲಿಗೆ ಬನ್ನಿ.’

‘ಯಾಕಪ್ಪಾ?’

‘ಬನ್ನಿ. ಹಾಂ, ಬೆನ್ನಿಗೆ ಸೂರ್ಯ ಬರಲಿ. ಅಲ್ಲಾಡಬೇಡಿ.’

‘ನನ್ನ ಶವಪೆಟ್ಟಿಗೆಗೆ ಅಳತೆ ತಗೊಳ್ತಿದ್ದೀಯೇನೋ?’

ಎಸಾವು ಮೇಷ್ಟ್ರ ಹೊಟ್ಟೆ ನೀನು ನೋಡಿಲ್ಲ. ಅವರ ಹೆಂಡತಿಯ ಕೈ ಅಡುಗೆ ಅಂಥದು. ನೆಲದ ಮೇಲೆ ಬಿದ್ದ ನೆರಳು ಕುಂಬಳಕಾಯಿಗೆ ಹ್ಯಾಟು ಹಾಕಿದ ಹಾಗಿತ್ತು. ಯಾಸ್ಪರ್ ತನ್ನ ಜೇಬಿನೊಳಗಿನ ಫೋಟೊ ಇಣುಕಿ ನೋಡಿದ, ನೆರಳು ನೋಡಿದ, ‘ನೀವಲ್ಲ’ ಅಂತ ಹೇಳಿ ಹೊರಟುಬಂದ. ಅನುಮಾನ ಕಮ್ಮಿಯಾಗಬೇಕಿತ್ತು ಅಲ್ಲವೇ? ಎಲ್ಲಿಂದ? ಮೊದಲು ಒಬ್ಬರ ಮೇಲಿತ್ತು, ಈಗ ಊರಿನ ಗಂಡಸರೆಲ್ಲರ ಮೇಲೂ ಹರಡಿಕೊಂಡಿತು.

ಭಾನುವಾರ ಬಂತು. ಚರ್ಚ್ ಬಿಟ್ಟಿತು, ಎಲ್ಲರೂ ಅಂಗಳದಲ್ಲಿ ಬಿಸಿಲು ಕಾಯುತ್ತ ನಿಂತಿದ್ದೆವು. ಯಾಸ್ಪರ್ ಯಾರ ಮುಖವನ್ನೂ ನೋಡುತ್ತಿಲ್ಲ. ನೆಲವನ್ನೇ ನೋಡುತ್ತ ಒಬ್ಬೊಬ್ಬ ಗಂಡಸಿನ ಹಿಂದೆಯೂ ಹೋಗಿ ನಿಲ್ಲುತ್ತಿದ್ದಾನೆ. ನನ್ನ ಹೆರ್ಮಾನ್‌ನ ನೆರಳನ್ನಂತೂ ಎಷ್ಟು ಹೊತ್ತು ನೋಡಿದ ಅಂದರೆ, ನಾನೂ ಒಂದು ಸಲ ಬಗ್ಗಿ ಅದನ್ನು ನೋಡಿಬಿಟ್ಟೆ. ದ್ರೀಕಾಗೆ ನಾಚಿಕೆಯಾಯಿತು.

‘ಏನು ಕಳಕೊಂಡಿದ್ದೀಯ ಇಲ್ಲಿ?’

‘ಹೆಂಡತಿನ’ ಅಂದ. ಜೇಬಿನಿಂದ ಫೋಟೊ ತೆಗೆದು ಎಲ್ಲರ ಎದುರಿಗೇ ಅವಳ ಕೈಗೆ ಕೊಟ್ಟ. ‘ಈ ಮನುಷ್ಯ ಯಾರು, ಹೇಳಿಬಿಡು. ನಾನು ಹಟ್ಟಿಗೆ ಹೊರಟೆ.’

ದ್ರೀಕಾ ಫೋಟೊ ನೋಡಿದಳು. ಗಂಡನನ್ನು ನೋಡಿದಳು. ಮೊದಲು ಭುಜ ಅಲ್ಲಾಡಿತು, ಆಮೇಲೆ ತಲೆ ಹಿಂದಕ್ಕೆ ಹೋಯಿತು, ತಲೆವಸ್ತ್ರ ಜಾರಿತು. ಅದೇ ನಗು! ಫೋಟೊದಲ್ಲಿದ್ದದ್ದೇ. ಚರ್ಚಿನ ಮಾಡಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

‘ಊರವರ ನೆರಳೆಲ್ಲಾ ನೋಡಿದೆ. ನಿನ್ನದು ನೋಡಿದ್ಯಾ? ಕೆಳಗೆ ನೋಡೋ, ಪೆದ್ದಾ!’

ಯಾಸ್ಪರ್ ಕೆಳಗೆ ನೋಡಿದ. ನಾವೆಲ್ಲ ನೋಡಿದೆವು. ಪ್ರಭುಭೋಜನದ ದಿನವಲ್ಲವೇ, ಅವನು ಚರ್ಚಿನ ಹ್ಯಾಟು ಹಾಕಿಕೊಂಡಿದ್ದ. ಪ್ರಭುಭೋಜನ, ಸಾವು, ಇವೆರಡಕ್ಕೆ ಬಿಟ್ಟರೆ ಅದು ಬೀರುವಿನ ಮೇಲಿನ ಪೆಟ್ಟಿಗೆಯಿಂದ ಇಳಿಯುವುದಿಲ್ಲ, ಅವಳು ಮುಟ್ಟುವ ಹಾಗೂ ಇರಲಿಲ್ಲ. ಅವನ ಬೂಟಿನ ಮುಂದೆ ಅದರ ನೆರಳು ನೆಲದ ಮೇಲೆ ಬಿದ್ದಿತ್ತು, ದುಂಡಗೆ, ಪೂರ್ತಿ, ಕಚ್ಚಿಲ್ಲದ ಅಂಚು.

‘ಹ್ಯಾಟು ನನ್ನದೇ ಸರಿ. ಅದರ ಕೆಳಗಿರೋ ಮೈ?’

‘ಚಾಪೆ ಹೊದಿಸಿ ಗುಡಿಸಲು ಕಟ್ಟೋ ಕೋಲು ಮೂರು, ಗಾಳಿಗೆ ಅಲ್ಲಾಡ್ದೇ ಇರಲಿ ಅಂತ ಕಲ್ಲು ತುಂಬಿ ಕಟ್ಟಿದ ಗೋಣಿಚೀಲ. ಮೇಲೆ ಕ್ಯಾಮೆರಾ. ಬಿಸಿಲಿಗೆ ಕ್ಯಾಮೆರಾ ಕಾಯಬಾರದು ಅಂತ ಮೇಷ್ಟ್ರು ಹೇಳಿರಲಿಲ್ವಾ? ನಿನ್ನ ಹಳೇ ಹ್ಯಾಟು ನಿನ್ನ ತಲೆ ಮೇಲೆ ಬೆಟ್ಟದಲ್ಲಿತ್ತು. ಇದನ್ನೇ ತಗೊಂಡು ಹೋಗಿ ಹಾಕ್ದೆ. ಹೇಳಿದ್ರೆ ನೀನು ಹ್ಯಾಟಿಗಾಗಿ ನನ್ನ ಚರ್ಮ ಸುಲೀತಿದ್ದೆ.’

‘ಮತ್ತೆ ಗುಂಡಿ ಒತ್ತಿದ್ದು?’

‘ಒಂದು ಕೀಲಿ ತಿರುಗಿಸಿದ್ರೆ ಅದು ಜೇನುಹುಳದ ಹಾಗೆ ಗುಂಯ್ ಅಂತ ಕೂಗಿ ತಾನೇ ಹೊಡ್ಕೊಳ್ಳುತ್ತೆ. ಅವತ್ತೇ ಹೇಳಿಕೊಟ್ರಲ್ಲ!’

‘ಅವತ್ತು ನಾನು ಕೇಳಿಸಿಕೊಂಡಿರ್ಲಿಲ್ಲ’ ಅಂದ ಯಾಸ್ಪರ್. ಮೇಷ್ಟ್ರು ಗಡ್ಡ ಕೆರೆದುಕೊಂಡರು.

‘ಗೋಡೆ ತುಂಬಾ ನಾನಿದ್ದೀನಿ, ಆಡಿದೆ, ಕತ್ತೆಯಿದೆ. ನೀನು ಮಾತ್ರ ಬರೀ ನೆರಳು. ನಿನ್ನ ಪಕ್ಕ ಕೂತು ಒಂದು ಹೊಡ್ಕೋಬೇಕು ಅಂತ ಒಬ್ಬಳೇ ಕಲೀತಿದ್ದೆ. ಓಡಿಬಂದು ಕೂರೋಕೆ ಹೋಗಿ ಜಾರಿ ಆಡಿನ ಹಿಕ್ಕೆ ಮೇಲೆ ಬಿದ್ದೆ. ನಗು ತಡೀಲಿಲ್ಲ.’

ಎಲ್ಲರೂ ನಕ್ಕರು. ಯಾಸ್ಪರ್ ನಗಲಿಲ್ಲ. ಅವನ ಮುಳ್ಳು ಇನ್ನೂ ಒಳಗೇ ಇತ್ತು. ‘ಮತ್ತೆ ನನ್ನ ಮುಂದೆ ಯಾಕೆ ಹೀಗೆ ನಗಲ್ಲ?’

‘ನೀನು ಬಿಟ್ಟರೆ ತಾನೇ! ಅಲ್ಲಾಡಬೇಡ, ಗಲ್ಲ ಎತ್ತು, ಬಾಯಿ ಮುಚ್ಚು, ಹೂ ಮುಚ್ಚಿಕೊಳ್ತಿದೆ ಬೇಗ, ಅಂತ ಕೂಗ್ತಿರ್ತೀಯ. ನಿನ್ನ ಹ್ಯಾಟು ಸುಮ್ಮನೆ ನಿಂತಿತ್ತು, ಒಂದು ಮಾತೂ ಬಯ್ಯಲಿಲ್ಲ.’

ಅವನು ಗಾಡಿಯ ಹತ್ತಿರ ಹೋಗಿ, ಸುತ್ತಿಟ್ಟಿದ್ದ ಹಾಸಿಗೆಯನ್ನು ಇಳಿಸಿ ನನ್ನ ಕೈಗೆ ಕೊಟ್ಟು, ‘ಇದನ್ನ ಒಳಗಿಡು, ಸೀನಾ. ದ್ರೀಕಾ, ಹತ್ತು. ಆ ಕೋಲು ಎಲ್ಲಿವೆ?’ ಅಂದ. ಚರ್ಚಿನ ಬಟ್ಟೆಯಲ್ಲೇ ಹೊರಟರು. ಮಾರನೆಯ ದಿನವೇ ಮೂಡಗಾಳಿ ಬೀಸಿತು, ಹೂವೆಲ್ಲ ಸುಟ್ಟ ಕಾಗದವಾಯಿತು. ಆದರೆ ಅಷ್ಟರಲ್ಲಿ ಈ ಫೋಟೊ ಆಗಿತ್ತು. ಈಗ ನೋಡು. ಇಬ್ಬರ ಪಾದದ ಹತ್ತಿರ ಆ ಹ್ಯಾಟಿನ ನೆರಳು. ಅವಳು ಅದನ್ನು ನೋಡಿ ನಗುತ್ತಿದ್ದಾಳೆ. ಅವನು ಅದನ್ನೇ ಗುರಾಯಿಸುತ್ತಿದ್ದಾನೆ! ಎಲ್ಲಾ ತಿಳಿದ ಮೇಲೂ! ‘ಅದು ಜೀವವಿಲ್ಲದ ವಸ್ತು ಕಣೋ’ ಅಂದರೆ, ‘ಅವಳ ನಗು ಮೊದಲು ನೋಡಿದ್ದು ಅದು’ ಅನ್ನುತ್ತಿದ್ದ. ಸಾಯುವವರೆಗೂ ಆ ಹ್ಯಾಟಿನ ಮೇಲೆ ಅವನ ಹೊಟ್ಟೆ ಉರಿ ಆರಲಿಲ್ಲ. ಆದರೂ ಪ್ರತಿ ಆಗಸ್ಟ್‌ನಲ್ಲೂ ತಾನೇ ಕೋಲಿನ ಮೇಲೆ ಅದನ್ನು ಏರಿಸಿ, ಓಡಿಬಂದು ಅವಳ ಪಕ್ಕ ಕೂರುತ್ತಿದ್ದ, ಮಂಡಿ ನೋವು ಬಂದ ಮೇಲೂ.

ನನಗೆ? ನನಗೂ ಇನ್ನೂ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ಹೆರ್ಮಾನ್ ನನ್ನ ಮೇಲೆ ಒಂದು ದಿನವಾದರೂ ಅನುಮಾನ ಪಟ್ಟನೇ, ಪುಣ್ಯಾತ್ಮ?

ಯಾಸ್ಪರ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಈ ಸಲ ಹೂವು ಬಂದು ಇಷ್ಟು ದಿನವಾಯಿತು, ದ್ರೀಕಾ ಬಾಗಿಲು ದಾಟಿಲ್ಲ. ಹ್ಯಾಟು ಮನೆಯಲ್ಲಿದ್ದರೆ ಕಣ್ಣಿಗೆ ಬೀಳುತ್ತೆ ಅಂತ ನನ್ನ ಹತ್ತಿರ ತಂದಿಟ್ಟಿದ್ದಾಳೆ. ಅಗೋ, ಬಾಗಿಲ ಹಿಂದಿನ ಮೊಳೆಯಲ್ಲಿ. ಈಗ ಬರೆದದ್ದು ಸಾಕು, ಏಳು. ಬಿಸಿಲು ಚೆನ್ನಾಗಿ ಏರಿದೆ, ಹೂವು ಕಣ್ಣು ಬಿಟ್ಟಿರುತ್ತೆ. ಆ ಹ್ಯಾಟು ಹಾಕಿಕೊಂಡು ಅವಳ ಮನೆಗೆ ಹೋಗು, ಬರಲ್ಲ ಅಂದರೂ ಕೈ ಹಿಡಿದು ಹಳೇ ಗೋಧಿ ಹೊಲಕ್ಕೆ ಕರೆದುಕೊಂಡು ಹೋಗಿ ಕೂರಿಸು. ನಿನ್ನ ಫೋನಿನಲ್ಲೇ ಒಂದು ಹೊಡಿ. ಸೂರ್ಯ ಬೆನ್ನಿಗಿರಲಿ, ನೆರಳು ಅವಳ ಪಾದ ಮುಟ್ಟಲಿ, ನೀನು ಬಾಯಿ ಬಿಡಬೇಡ. ಹಾಂ, ದಾರಿಯಲ್ಲಿ ನನ್ನ ಆಡುಗಳಿವೆ. ಹ್ಯಾಟಿನ ಅಂಚು ಜೋಪಾನ.